ನುಗ್ಗೆಸೊಪ್ಪು, ಅರಿಶಿನ ತಿನ್ನಿಸಿದರೆ ಹುಂಜದ ಫಲವತ್ತತೆ ಹೆಚ್ಚುತ್ತದೆಯೇ?

ಸಕಲೇಶಪುರದಲ್ಲಿ ನಾಟಿ ಕೋಳಿ ಸಾಕಿದ್ದೇವೆ, ಕಾವಿಗಿಟ್ಟ ಮೊಟ್ಟೆ ಅರ್ಧಕ್ಕರ್ಧ ಮರಿಯಾಗುತ್ತಿಲ್ಲ, ಹುಂಜಕ್ಕೆ ಇವನ್ನು ಕೊಡಬಹುದಾ ಎಂದು ಕೇಳಿದ್ದೀರಿ.

ಕೊಡಬಹುದು. ಹುಂಜದ ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕೆಡುವಂಥ ಕೊಬ್ಬು ಜಾಸ್ತಿ. ಎಣ್ಣೆ ಗಾಳಿಗೆ ಕಮಟು ಹಿಡಿಯುವ ಹಾಗೆ ಅದೂ ಆಕ್ಸಿಜನ್‌ನಿಂದ ಕೆಡುತ್ತದೆ, ಸೆಖೆಯಲ್ಲಂತೂ ಇನ್ನೂ ಬೇಗ. ಆಮೇಲೆ ವೀರ್ಯಾಣುವಿನ ಚುರುಕು ತಗ್ಗುತ್ತದೆ. ನುಗ್ಗೆಸೊಪ್ಪು, ಶುಂಠಿ, ಅರಿಶಿನದಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಇದನ್ನೇ ತಡೆಯಲು ನೆರವಾಗುತ್ತವೆ. ವಿಟಮಿನ್ ಇ, ಸೆಲೆನಿಯಂ ಮಾಡುವುದೂ ಇದೇ ಕೆಲಸ. ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿಯನ್ನು ಕೆಜಿ ಮೇವಿಗೆ 5ರಿಂದ 10 ಗ್ರಾಂ ಬೆರೆಸಿ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡು ವಾರ ಬೇಕು. ಹೇಟೆ ಕೂಡ ಹಳೆಯ ವೀರ್ಯವನ್ನು ಒಳಗೆ ಎರಡು ವಾರದಷ್ಟು ಇಟ್ಟುಕೊಳ್ಳುತ್ತದೆ. ಹಾಗಾಗಿ ತಿಂಗಳಾದರೂ ಕಾಯಿರಿ.

ಆದರೆ ನಿಮ್ಮ ಕಡೆಯ ಮಳೆಗೆ ನನಗೆ ಮೊದಲು ಅನುಮಾನ ಬರುವುದು ಮುಸುಕಿನ ಜೋಳದ ಮೇಲೆ. ಚೀಲದ ತಳಕ್ಕೆ ಕೈ ಹಾಕಿ ನೋಡಿ. ಕಾಳು ಗಂಟುಕಟ್ಟಿದೆಯಾ, ಹಸಿರು ಬೂಷ್ಟು ಇದೆಯಾ? ಇದ್ದರೆ ದಯವಿಟ್ಟು ಹಾಕಬೇಡಿ. ಆ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಈಲಿಯನ್ನೂ (ಲಿವರ್) ವೀರ್ಯವನ್ನೂ ಕೆಡಿಸುತ್ತದೆ, ಯಾವ ಸೊಪ್ಪೂ ಅದನ್ನು ಸರಿ ಮಾಡಲಾರದು. ಗಿಡದಿಂದ ಬಂದದ್ದೆಲ್ಲ ಒಳ್ಳೆಯದೂ ಅಲ್ಲ. ಹತ್ತಿಕಾಳಿನ ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ಫಲವತ್ತತೆಗೇ ಹೊಡೆತ.

ಹತ್ತು ಹೇಟೆಗೆ ಒಂದು ಹುಂಜ ಇದೆ ಅಲ್ವಾ?

ಕಾವಿಗಿಟ್ಟ 7ನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿಯಿರಿ. ಕೆಂಪು ನರಗಳ ಬಲೆ ಕಂಡರೆ ಭ್ರೂಣ ಬೆಳೆಯುತ್ತಿದೆ. ಬರೀ ರಕ್ತದ ಉಂಗುರ ಕಂಡರೆ ಮೊಟ್ಟೆ ಫಲಿತವಾಗಿತ್ತು, ಭ್ರೂಣ ನಡುವೆ ಸತ್ತಿದೆ. ಆಗ ಹುಂಜವನ್ನು ಬಿಟ್ಟು ಕಾವಿನ ಶಾಖ, ಮೊಟ್ಟೆ ಎಷ್ಟು ಹಳೆಯದು ಎಂಬುದನ್ನು ಗಮನಿಸಿ.