ಶಾಕ್ ಬದಲಿಸಿದರೂ ಕಟಕಟ ನಿಂತಿಲ್ಲ, ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಗಾಡಿಯ ಅಡಿಯಿಂದ ಸದ್ದು, ಗ್ಯಾರೇಜಿನಲ್ಲಿ ಸಾವಿರಾರು ರೂಪಾಯಿ ಬಿಲ್, ಮನೆಗೆ ವಾಪಸ್ ಬರುವಷ್ಟರಲ್ಲಿ ಮತ್ತೆ ಅದೇ ಸದ್ದು. ಓದಿ ಓದಿ ಬೇಸರವಾಗಿದೆ. ಅದಕ್ಕೇ ಇವತ್ತು ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ.

ಪ್ರಶ್ನೆ: ನಮ್ಮದು ಕ್ರೆಟಾ ಗಾತ್ರದ ಎಸ್‌ಯುವಿ. 70,000 ಕಿ.ಮೀ. ಓಡಿದೆ. ಗುಂಡಿ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂದೆ ಎಡಗಡೆಯಿಂದ ಕಟಕಟ ಅನ್ನುತ್ತದೆ. ಹಂಪ್ ಹತ್ತಿಸಿದರೆ ಸದ್ದೇ ಇಲ್ಲ. ಮೆಕ್ಯಾನಿಕ್ ಬಾನೆಟ್ ಒತ್ತಿ ನೋಡಿ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಎರಡೂ ಬದಲಿಸಿದೆವು. ಸದ್ದು ಹಾಗೇ ಇದೆ. ಈಗ ಸ್ಟೇರಿಂಗ್ ರ‍್ಯಾಕ್ ಬದಲಿಸಬೇಕಂತೆ.
– ಹಾಸನದ ಓದುಗರು

ಉತ್ತರ: ರ‍್ಯಾಕ್ ಬಿಚ್ಚಲು ಸದ್ಯಕ್ಕೆ ಬಿಡಬೇಡಿ. ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ ಅದು. ಸುಳಿವು ನಿಮ್ಮ ಪತ್ರದಲ್ಲೇ ಇದೆ. ಹಂಪ್ ಹತ್ತುವಾಗ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ. ಗುಂಡಿಗೆ ಒಂದೇ ಚಕ್ರ ಇಳಿಯುತ್ತದೆ. ಆಗ ತಿರುಚಿಕೊಂಡು ಕೆಲಸ ಮಾಡುವುದು ಸ್ಟೆಬಿಲೈಸರ್ ಬಾರ್, ಅಂದರೆ ಎಡಕ್ಕೂ ಬಲಕ್ಕೂ ಅಡ್ಡವಾಗಿ ಹಾಯ್ದಿರುವ ಉಕ್ಕಿನ ಸರಳು. ಅದರ ಎರಡೂ ತುದಿಗೆ ಒಂದೊಂದು ಲಿಂಕ್ ರಾಡ್, ಅಂದರೆ ಜೋಡಣೆಯ ಚಿಕ್ಕ ಕಡ್ಡಿ, ಇರುತ್ತದೆ. ಲಿಂಕ್ ರಾಡಿನ ಪುಟ್ಟ ಬಾಲ್ ಜಾಯಿಂಟ್ (ಗುಂಡು ಕೀಲು) ಸವೆದರೆ ಹೀಗೇ ಕಟಕಟ ಅನ್ನುತ್ತದೆ. ನೀವು ಶಾಕ್‌ಗೆ ಕೊಟ್ಟ ದುಡ್ಡಿನ ಮುಂದೆ ಇದರ ಬೆಲೆ ತೀರಾ ಕಡಿಮೆ.

ಬಾನೆಟ್ ಒತ್ತಿದಾಗಲೂ ಎರಡೂ ಕಡೆ ಒಟ್ಟಿಗೇ ಕುಸಿಯುತ್ತದೆ, ಅಲ್ವಾ? ಹಾಗಿದ್ದ ಮೇಲೆ ಲಿಂಕ್ ರಾಡಿನ ಪ್ಲೇ, ಅಂದರೆ ಸವೆದು ಬಂದ ಸಡಿಲ, ಅಲ್ಲಿ ಗೊತ್ತಾಗುವುದು ಹೇಗೆ? ಶಾಕ್ ಹೋಗಿದೆ ಅನ್ನುವವರು ಎಣ್ಣೆ ಸೋರಿದ್ದನ್ನು ತೋರಿಸಬೇಕು. ಇಲ್ಲವೇ ಗುಂಡಿ ದಾಟಿದ ಮೇಲೂ ಗಾಡಿ ತೂಗಾಡುತ್ತಿರಬೇಕು. ಎರಡೂ ಇಲ್ಲದೆ ಶಾಕ್ ಬದಲಿಸಿದರೆ ಅದು ಬರೀ ಊಹೆ. ಊಹೆಗೆ ನೀವು ದುಡ್ಡು ಕೊಡಬೇಕಾಗಿಲ್ಲ.

ಲಿಂಕ್ ರಾಡ್ ನೋಡುವಾಗಲೂ ಒಂದು ತಪ್ಪು ಆಗುತ್ತದೆ. ಒಂದೇ ಕಡೆ ಜ್ಯಾಕ್ ಕೊಟ್ಟು ಅಲ್ಲಾಡಿಸುತ್ತಾರೆ. ಆಗ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗುತ್ತದೆ, ಪ್ಲೇ ಮರೆಯಾಗುತ್ತದೆ. ನಾಲ್ಕೂ ಚಕ್ರ ನೆಲದ ಮೇಲಿರುವಾಗ ಹಿಡಿದು ಅಲ್ಲಾಡಿಸಲಿ. ಅನುಮಾನ ಉಳಿದರೆ ಮೆಕ್ಯಾನಿಕ್ ಎರಡೂ ಲಿಂಕ್ ಬಿಚ್ಚಿಟ್ಟು, ಬಾರ್ ಎಲ್ಲಿಗೂ ತಾಗದಂತೆ ಕಟ್ಟಿ, ಅದೇ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಓಡಿಸಲಿ. ಸದ್ದು ಮಾಯವಾದರೆ ಲಿಂಕ್ ರಾಡೇ. ಹೈವೇಗೆ ಮಾತ್ರ ಹಾಗೆ ಹೋಗಬಾರದು, ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಇನ್ನೊಂದು ಮಾತು. ನಿಮ್ಮಂಥ ಗಾಡಿಯಲ್ಲಿ ಲಿಂಕ್ ರಾಡಿನ ಮೇಲ್ತುದಿ ಸಾಮಾನ್ಯವಾಗಿ ಶಾಕ್‌ಗೇ ಕೂತಿರುತ್ತದೆ. ಮೊನ್ನೆ ಶಾಕ್ ಬಿಚ್ಚುವಾಗ ಆ ನಟ್ಟನ್ನೂ ಬಿಚ್ಚಿರುತ್ತಾರೆ. ಅದು ಸರಿಯಾಗಿ ಬಿಗಿಯಾಗಿದೆಯೇ, ಮೊದಲು ಅದನ್ನೇ ನೋಡಿಸಿ.

ಲಿಂಕ್ ಅಲ್ಲದಿದ್ದರೆ? ಸದ್ದು ಬರುವಾಗ ಬ್ರೇಕನ್ನು ಮೆಲ್ಲಗೆ ಒತ್ತಿ. ನಿಂತರೆ ಬ್ರೇಕ್ ಪ್ಯಾಡ್ ಅಥವಾ ಅದನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರಿನ ಪಿನ್ ಸಡಿಲ. ಖಾಲಿ ಜಾಗದಲ್ಲಿ ಸ್ವಲ್ಪ ಮುಂದೆ ಹೋಗಿ ಬ್ರೇಕ್, ಸ್ವಲ್ಪ ಹಿಂದೆ ಬಂದು ಬ್ರೇಕ್. ಎರಡು ಸಲವೂ ಒಂದೊಂದು ‘ಧಡ್’ ಬಂದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ತೋಳು) ಬುಶ್, ಅಂದರೆ ಅದರ ಬುಡದ ರಬ್ಬರ್ ಕೀಲು, ನೋಡಿಸಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟಂಗ್’ ಅಂತ ಜಿಗಿದರೆ ಶಾಕ್ ಮೇಲಿನ ಮೌಂಟ್ ಬೇರಿಂಗ್.

ಬುಶ್ ಬದಲಿಸುವುದಾದರೆ ನೀವು ಪಕ್ಕದಲ್ಲೇ ನಿಂತಿರಿ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗ ಆರ್ಮ್ ಬೋಲ್ಟ್ ಪೂರ್ತಿ ಬಿಗಿ ಮಾಡಬಾರದು. ಬುಶ್ಶಿನ ರಬ್ಬರ್ ಒಳಗಿನ ಕೊಳವೆಗೆ ಅಂಟಿರುತ್ತದೆ. ಜೋತಾಡುವಾಗ ಬಿಗಿದರೆ, ಗಾಡಿ ಕೆಳಗಿಳಿದ ಮೇಲೆ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. “ಒರಿಜಿನಲ್ ಬುಶ್ ಹಾಕಿಸಿದರೂ ಬಾಳಿಕೆ ಬರಲಿಲ್ಲ” ಅನ್ನುವವರು ಮೊದಲು ಇದನ್ನು ವಿಚಾರಿಸಬೇಕು. ಬುಶ್ ಬದಲಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿದರೆ ಸದ್ದು ನಿಲ್ಲುತ್ತಾ?

ಉತ್ತರ: ಇಲ್ಲ. ಸವೆದ ಜಾಯಿಂಟನ್ನು ಸ್ಪ್ರಿಂಗ್‌ನಲ್ಲಿ ಸಿಕ್ಕಿಸಿದ ರಬ್ಬರ್ ಸರಿ ಮಾಡುವುದಿಲ್ಲ.

ಪ್ರಶ್ನೆ: ಕೀಚ್ ಕೀಚ್ ಸದ್ದಿಗೆ ಅಡಿಭಾಗಕ್ಕೆಲ್ಲ ಹಳೇ ಎಂಜಿನ್ ಆಯಿಲ್ ಹೊಡೆಸಬಹುದಾ?

ಉತ್ತರ: ಖಂಡಿತ ಬೇಡ. ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ನಾಲ್ಕು ದಿನ ಸದ್ದು ನಿಂತಿದ್ದನ್ನೇ ರಿಪೇರಿ ಅಂತ ಹೇಳುವವರ ಮಾತು ಕೇಳಬೇಡಿ. ಬ್ರೇಕ್ ಡಿಸ್ಕ್‌ಗೆ ಆ ಎಣ್ಣೆ ತಾಗಿದರೆ ಗಾಡಿ ನಿಲ್ಲುವುದೇ ಕಷ್ಟ.

ಪ್ರಶ್ನೆ: ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟರೆ ಟಿಕ್ ಟಿಕ್ ಟಿಕ್.

ಉತ್ತರ: ಅದು ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್, ಸಸ್ಪೆನ್ಷನ್ ಅಲ್ಲ.

ಪ್ರಶ್ನೆ: ಕೆಳಗಿನ ಬಾಲ್ ಜಾಯಿಂಟ್ ಆಡುತ್ತಿದೆ ಅಂದಿದ್ದಾರೆ. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದು ಮಾಡಿಸಿದರೆ ಸಾಕಾ?

ಉತ್ತರ: ಸಾಲದು. ಚಕ್ರವನ್ನು ಲೋಯರ್ ಆರ್ಮಿಗೆ ಹಿಡಿದಿಡುವ ಕೀಲು ಅದು. ಲಿಂಕ್ ರಾಡ್ ಸದ್ದು ತಿಂಗಳು ಕಾದರೂ ನಡೆಯುತ್ತದೆ, ಇದು ಒಂದು ದಿನವೂ ಕಾಯುವುದಲ್ಲ. ಬಾಲ್ ಜಾಯಿಂಟ್ ಕಳಚಿ, ಚಕ್ರ ಹೊರಕ್ಕೆ ಮಲಗಿ ನಿಂತ ಗಾಡಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಊರೊಳಗಿನ ರಸ್ತೆ, ವೇಗ ಕಡಿಮೆ ಇತ್ತು, ಯಾರಿಗೂ ಏನೂ ಆಗಲಿಲ್ಲ. ಘಾಟಿಯ ತಿರುವಿನಲ್ಲಿ ಹಾಗಾದರೆ ಸ್ಟೇರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಗಾಡಿಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ. ಮೊದಲು ಜಾಯಿಂಟ್ ಬದಲಿಸಿ. ಆಗದಿದ್ದರೆ ಬಸ್ಸಿಗೆ ಹೋಗಿ ಬನ್ನಿ.