ಕೊಡಗಿನ ತೋಟದ ಮನೆಗೆ ಡಿಶ್: ಆಟದ ಚಾನೆಲ್ಲಿಗೆ ಎಷ್ಟು ಕೊಡುತ್ತೀರಿ, ಯಾಕೆ

ಹೊರಗಿನಿಂದ ಬಂದು ಇಲ್ಲಿ ಮನೆ ಮಾಡಿದವರು ಮೊದಲು ಕೇಳುವುದು, ಕೇಬಲ್ ಯಾಕಿಲ್ಲ ಎಂದು. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಪೇಟೆಯೊಳಗೆ ಇದೆ. ಪೇಟೆ ದಾಟಿದರೆ ಮನೆಮನೆಗೂ ನಡುವೆ ಕಾಫಿ ತೋಟ, ಗದ್ದೆ. ಒಂದು ಮನೆಗಾಗಿ ಅಷ್ಟುದ್ದ ವೈರ್ ಎಳೆದು, ಪ್ರತಿ ಮಳೆಗಾಲ ಮರ ಬಿದ್ದಾಗ ಮತ್ತೆ ಕಟ್ಟುವುದು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಡಿಶ್ಶೇ ಗತಿ.

ಇನ್ನು ದುಡ್ಡಿನ ವಿಚಾರ. ಬಿಲ್ಲಿನಲ್ಲಿ ಎರಡು ಭಾಗ. ಒಂದು ನೆಟ್‌ವರ್ಕ್ ಶುಲ್ಕ: 2019ರಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಇದಕ್ಕೆ 130 ರೂಪಾಯಿ ಮಿತಿ ಹಾಕಿತ್ತು, 18% ಜಿಎಸ್‌ಟಿ ಸೇರಿ 153.40. 2024ರಲ್ಲಿ ಆ ಮಿತಿ ತೆಗೆದರು, ಈಗ ಕಂಪನಿಗೊಂದು ದರ. ಇನ್ನೊಂದು, ಪೇ ಚಾನೆಲ್‌ಗಳ ಬೆಲೆ. ಇದನ್ನು ಗೊತ್ತುಮಾಡುವುದು ಡಿಶ್ ಕಂಪನಿಯಲ್ಲ, ಚಾನೆಲ್ಲಿನವರು. ಡಿಶ್ ಕಂಪನಿಗೆ ಅದರಲ್ಲಿ ಕನಿಷ್ಠ 20% ಪಾಲು ಸಿಗುತ್ತದೆ, ಹೆಚ್ಚಿನದೆಲ್ಲ ಚಾನೆಲ್ಲಿಗೇ. ಪ್ಯಾಕಿನೊಳಗೆ ಸೇರಿಸಬೇಕಾದರೆ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ದಾಟುವಂತಿಲ್ಲ. ಮ್ಯಾಚ್ ಹಕ್ಕಿಗೆ ಸುರಿದ ಹಣ ವಾಪಸು ಬರಬೇಕಲ್ಲ, ಆದ್ದರಿಂದ ದೊಡ್ಡ ಆಟದ ಚಾನೆಲ್‌ಗಳು ಆ ಮಿತಿಯ ಹತ್ತಿರವೇ ಇರುತ್ತವೆ. 19 ಅಂದರೆ ತೆರಿಗೆ ಸೇರಿ 22.42.

ಜನ ಮೋಸಹೋಗುವುದು ಇಲ್ಲೇ. ಒಂದೇ ಕ್ರಿಕೆಟ್ ಮ್ಯಾಚ್ ಕನ್ನಡ, ಹಿಂದಿ, ಇಂಗ್ಲಿಷ್, ಮತ್ತೆ ಎಚ್‌ಡಿ ಎಂದು ನಾಲ್ಕು ಚಾನೆಲ್‌ನಲ್ಲಿ ಬರುತ್ತದೆ. ಚಿತ್ರ ಅದೇ, ಮಾತು ಮಾತ್ರ ಬೇರೆ. ದೊಡ್ಡ ಪ್ಯಾಕ್ ಹಾಕಿಸಿದರೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚಿಗೆ ಕೊಟ್ಟಂತೆ. ಕೇರಳ ಗಡಿಯ ಕುಟ್ಟ, ಮಾಕುಟ್ಟದ ಕಡೆ ಇದು ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಮನೆಯವರಿಗೆ ಕನ್ನಡವೂ ಬೇಕು, ಮಲಯಾಳವೂ ಬೇಕು. ಎರಡು ಭಾಷೆಯ ಪ್ಯಾಕ್ ಹಾಕಿಸಿದಾಗ ಆಟದ ಚಾನೆಲ್ ಎರಡರಲ್ಲೂ ಸೇರಿಕೊಂಡಿರಬಹುದು. ನನ್ನ ಸಲಹೆ: ಆಟದ ಚಾನೆಲ್ ಇಲ್ಲದ ಭಾಷಾ ಪ್ಯಾಕ್ ತೆಗೆದುಕೊಂಡು, ಸ್ಟಾರ್ ಸ್ಪೋರ್ಟ್ಸ್ ಕನ್ನಡದಂಥ ಒಂದನ್ನು ಬಿಡಿಯಾಗಿ ಸೇರಿಸಿ. ಐಪಿಎಲ್, ಕಬಡ್ಡಿ ಮುಗಿದ ಮೇಲೆ ತೆಗೆಸಿ. ಇಷ್ಟು ದಿನ ಇಟ್ಟುಕೊಳ್ಳಲೇಬೇಕು ಎಂಬ ಷರತ್ತು ಇದೆಯೇ ಎಂದು ಸೇರಿಸುವಾಗಲೇ ಕೇಳಿಕೊಳ್ಳಿ.

ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಲೆಂದು ಪ್ಯಾಕ್ ಹಾಕಿಸಬೇಡಿ. 1997ರಲ್ಲಿ ಕರಡದಲ್ಲಿ ಶುರುವಾದ ಈ ಪಂದ್ಯಾವಳಿ ಸಿಗುವುದು ಮೈದಾನದಲ್ಲಿ, ಇಲ್ಲವೇ ಯೂಟ್ಯೂಬ್‌ನಲ್ಲಿ.

ತಿಂಗಳ ಶುಲ್ಕವೇ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ, ಡಿಡಿ ಸ್ಪೋರ್ಟ್ಸ್ ಅದರಲ್ಲಿ ಬರುತ್ತದೆ. 2007ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೂ ಕೊಡಬೇಕು. ಆದರೆ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಅದು ದೂರದರ್ಶನದ ಸ್ವಂತ ಆಂಟೆನಾ ಪ್ರಸಾರ ಮತ್ತು ಫ್ರೀ ಡಿಶ್‌ಗೆ ಮಾತ್ರ. ಖಾಸಗಿ ಡಿಶ್‌ನಲ್ಲಿ ಡಿಡಿ ಹಾಕಿಕೊಂಡು ಆ ಮ್ಯಾಚಿಗೆ ಕಾದರೆ ಬರುವುದಿಲ್ಲ.

ಯಾವ ಕಂಪನಿ ಎನ್ನುವುದನ್ನು ನಿಮ್ಮ ಸಿಲ್ವರ್ ಓಕ್ ಮರಗಳನ್ನು ಕೇಳಿ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಇಲ್ಲಿಂದ ಅದು ಸುಮಾರು 73 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಕಡೆಗೆ. ಸನ್ ಡೈರೆಕ್ಟ್, ಫ್ರೀ ಡಿಶ್ 93.5ರಲ್ಲಿ, ಎತ್ತರ ಸುಮಾರು 65. ಏರ್‌ಟೆಲ್ 108.2ರಲ್ಲಿ, ಎತ್ತರ ಸುಮಾರು 50, ದಿಕ್ಕು ಪೂರ್ವಕ್ಕೆ ಹೆಚ್ಚು ವಾಲಿದ್ದು. ಕೋನ ತಗ್ಗಿದಷ್ಟೂ ಮರ ಅಡ್ಡ ಬರುತ್ತದೆ, ಸಿಗ್ನಲ್ ಮಳೆಯೊಳಗೆ ಹಾದುಬರುವ ದಾರಿಯೂ ಉದ್ದ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಜಡಿಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುವುದು ಇದರಿಂದಲೇ. 60 ಸೆಂ.ಮೀ. ಬದಲು 90 ಸೆಂ.ಮೀ. ತಟ್ಟೆ ಹಾಕಿಸಿದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟು. ದಪ್ಪ ಮಳೆಗೆ ಅದೂ ಸೋಲುತ್ತದೆ, ಆದರೆ ಬೇಗ ಎದ್ದು ಬರುತ್ತದೆ.

ಮಳೆ ನಿಂತು ಅರ್ಧ ಗಂಟೆಯಾದರೂ ‘ಸಿಗ್ನಲ್ ಇಲ್ಲ’ ಎಂದೇ ಇದ್ದರೆ ತಪ್ಪು ಮೋಡದ್ದಲ್ಲ. ಬಾಕ್ಸ್ ಆಫ್ ಮಾಡಿ, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ತುಂಡಿನ ಕನೆಕ್ಟರ್ ಬಿಚ್ಚಿ ನೋಡಿ. ಕೇಬಲ್ ನಡುವಿನ ತಾಮ್ರದ ಎಳೆ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಮನೆಯೊಳಗೆ ಹೋಗುವ ಮುಂಚೆ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.