ಸಾಲ ಮಾಡಿ ಮದುವೆ ಬೇಡ, ಅಪ್ಪ ಒಪ್ಪುತ್ತಿಲ್ಲ ಎಂದವರಿಗೆ

ರಿಜಿಸ್ಟರ್ ಮದುವೆ ಸಾಕು ಅಂತ ನೀವು, ಸಾಲ ಮಾಡಿಯಾದರೂ ಛತ್ರದಲ್ಲೇ ಆಗಬೇಕು ಅಂತ ನಿಮ್ಮ ತಂದೆ. ಇದು ಆಡಂಬರದ ಆಸೆಗಿಂತ ಮುಯ್ಯಿಯ ಭಾರ ಇರಬೇಕು. ಇಷ್ಟು ವರ್ಷ ಊರವರ ಮದುವೆಗಳಲ್ಲಿ ಉಂಡು ಬಂದು, ತಾವು ಊಟ ಹಾಕದಿದ್ದರೆ ತಲೆ ಎತ್ತಿ ಓಡಾಡೋದು ಹೇಗೆ ಅನ್ನೋ ಅಳುಕು. ನಮ್ಮಪ್ಪನದೂ ಇದೇ ಆಗಿತ್ತು.

ಅದಕ್ಕೇ ‘ಜನ ಏನಂದ್ರೆ ನನಗೇನು’ ಅಂತ ವಾದಕ್ಕಿಳಿಯಬೇಡಿ. ಮೊದಲು ಹುಡುಗಿ ಜೊತೆ ಕೂತು ಇಬ್ಬರದೂ ಒಂದೇ ಮಾತು ಮಾಡಿಕೊಳ್ಳಿ. ಆಮೇಲೆ ಮುಯ್ಯಿ ಪುಸ್ತಕ ತೆಗೆಸಿ. ನಮ್ಮನೆಯ ಎಣ್ಣೆಜಿಡ್ಡು ಹತ್ತಿದ ನೋಟ್‌ಬುಕ್ಕಿನಲ್ಲಿ ನೂರೊಂದು, ಇನ್ನೂರೊಂದು ಬರೆಸಿದವರನ್ನು ಅಪ್ಪನ ಕೈಯಲ್ಲೇ ಎಣಿಸಿದಾಗ, ಕರೆಯಲೇಬೇಕಾದವರು ಅರವತ್ತು ಮನೆ. ಅಷ್ಟು ಜನಕ್ಕೆ ಮನೆ ಮುಂದೆ ಚಪ್ಪರ ಹಾಕಿ ಒಂದು ಹೊತ್ತು ಹೋಳಿಗೆ ಊಟ ಅಂದೆ. ಅಲ್ಲಿಗೆ ಮೆತ್ತಗಾದರು.

ಊಟದ ದಿನ ಗೊತ್ತು ಮಾಡೋ ಮುಂಚೆ ಕಾಗದದ ಕೆಲಸ ನೋಡಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಾದರೆ, ನಿಮ್ಮಲ್ಲೊಬ್ಬರು ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಾಯಬೇಕು. ಮದುವೆಗೆ 3 ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟು 3 ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿಂದ. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಹಾಗಾಗಿ ತಂದೆಗೆ ನೀವೇ ಮೊದಲು ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ಕೆಟ್ಟಿತು.

ಇಷ್ಟಾದರೂ ಒಪ್ಪುತ್ತಾರೆ ಅಂತ ನಾನು ಹೇಳಲಾರೆ, ಒಬ್ಬೊಬ್ಬರ ಸ್ವಭಾವ ಒಂದೊಂದು. ಸಾಲದ ಅರ್ಜಿಗೆ ಮಾತ್ರ ಸಹಿ ಹಾಕಬೇಡಿ.